ಬೀಡಿಯ ಲೆಕ್ಕ

ಚೌತಿ ಕಳೆದ ಮಾರನೇ ದಿನ ಗೋಡೌನಿನಲ್ಲಿ ಕೂತು
ಸ್ಟಿಕ್ಕರ್ ಹೊಡೆದವಳು ನಾನೇ.
ಸಾವಿರದ ಇನ್ನೂರರ ಸೀರೆಗೆ ಎರಡು ಸಾವಿರದ ಚೀಟಿ.
ದೀಪಾವಳಿ ಬಂದಾಗ ಅದರ ಮೇಲೊಂದು ಕೆಂಪು ಗೀಟು,
ಗೀಟಿನ ಕೆಳಗೆ ಸಾವಿರದ ಮುನ್ನೂರು.
ನೂರು ರೂಪಾಯಿ ಹೆಚ್ಚೇ ಕೊಟ್ಟು
ಏಳುನೂರು ಉಳಿಸಿದೆವೆಂದು ನಗುತ್ತ
ಜನ ಇಳಿದು ಹೋಗುತ್ತಾರೆ ಹಂಪನಕಟ್ಟೆಗೆ.
ಗೀಟೆಳೆದ ಕೈಗೆ ತಿಂಗಳ ಕೊನೆಗೆ ಸಂಬಳ ಉಂಟು;
ಬಾಯಿಗೆ ಕೆಲಸ ಇಲ್ಲ.

ಅಮ್ಮ ನಮ್ಮ ಅಂಗಡಿಯ ಮೆಟ್ಟಿಲು ಹತ್ತಿದವಳಲ್ಲ.
ತೊಕ್ಕೊಟ್ಟಿನ ಮನೆಯ ಜಗಲಿಯಲ್ಲಿ
ತಡ್ಪೆ ಮಡಿಲಲ್ಲಿಟ್ಟು, ಎಲೆ ಸುರುಟಿ, ನೂಲು ಸುತ್ತಿ,
ಬೀಡಿಯ ಬಾಯಿ ಮಡಚುತ್ತ ಕೇಳುತ್ತಾಳೆ,
"ಎಷ್ಟು ಬೀಡಿ ಅದು?"
ರೂಪಾಯಿ ಅವಳಿಗೆ ಗೊತ್ತಿಲ್ಲವೆಂದಲ್ಲ,
ರೂಪಾಯಿ ಮಾತು ಬದಲಿಸುತ್ತದೆ, ಬೀಡಿ ಬದಲಿಸುವುದಿಲ್ಲ.
ಸಾವಿರ ಕಟ್ಟಿದರೆ ಇನ್ನೂರೈವತ್ತು;
ಬ್ರಾಂಚಿನವ ಹಾಳೆಂದು ಆಚೆ ತಳ್ಳಿದ್ದು ಲೆಕ್ಕಕ್ಕಿಲ್ಲ.
ನನ್ನ ಹೈಸ್ಕೂಲಿನ ಚೀಲ ಎರಡು ಸಾವಿರ ಬೀಡಿ,
ತಮ್ಮನ ಹಲ್ಲು ಕೀಳಿಸಿದ್ದು ಮೂರು ಸಾವಿರ,
ಅಕ್ಕನ ಮದುವೆ, ಅದನ್ನು ಎಣಿಸಲು ಹೊರಟು
ಅರ್ಧದಲ್ಲಿ ಚಾ ಮಾಡಲು ಎದ್ದು ಹೋದಳು.

ಪರ್ಬಕ್ಕೆ ಎರಡು ದಿನ ಇರುವಾಗ ರಜೆ ಸಿಕ್ಕಿತು.
ಪಟ್ಟಿ ಬರೆದುಕೊಂಡೇ ಹೊರಟೆ, ನಾನೇನು ಸಾಮಾನ್ಯದವಳೇ:
ತೆಂಗಿನೆಣ್ಣೆ, ಅವಲಕ್ಕಿ, ಕುಕ್ಕರಿನ ರಬ್ಬರು,
ತಮ್ಮನಿಗೊಂದು ಅಂಗಿ. ಅಷ್ಟೇ.
ಮಾಲಿನ ಬಾಗಿಲು ತಾನಾಗಿ ತೆರೆಯಿತು.
ತಣ್ಣಗಿನ ಗಾಳಿ, ತಲೆಯ ಮೇಲೆ ಕಾಗದದ ಗೂಡುದೀಪ,
"ಇಂದು ರಾತ್ರಿಯವರೆಗೆ ಮಾತ್ರ" ಅಂತ ಮೈಕಿನಲ್ಲಿ ಒಬ್ಬಳು,
ನಿನ್ನೆ ನಮ್ಮಲ್ಲಿ ನಾನು ಹೇಳಿದ ಅದೇ ದನಿ.
ಎಲ್ಲ ಗೊತ್ತಿದ್ದೂ ಗಾಡಿ ತುಂಬಿತು, ಮಾರಾಯ್ರೆ.
ಎರಡಕ್ಕೆ ಒಂದು ಉಚಿತವೆಂದು ಮೂರು ಬೆಡ್‌ಶೀಟು,
ಮನೆಯಲ್ಲಿ ಇರುವುದು ಒಂದೇ ಮಂಚ.
ತವಾದ ಜೊತೆಗೆ ಚಮಚ, ಚಮಚದ ಜೊತೆಗೆ ಕೂಪನ್,
ಕೂಪನ್ನಿಗಾಗಿ ಇನ್ನೊಂದು ತವಾ.

ಬಿಲ್ಲಿನ ಸಾಲು ನೇತ್ರಾವತಿ ಸಂಕದ ಟ್ರಾಫಿಕ್ಕಿನಂತೆ
ಕದಲಲಿಲ್ಲ. ಅದೇ ಒಳ್ಳೆಯದಾಯಿತು.
ಸುಮ್ಮನೆ ನಿಂತ ಉಗುರು ಚೀಟಿಯ ಮೂಲೆ ಕೆರೆಯಿತು.
ಅಡಿಯಲ್ಲಿ ಇನ್ನೊಂದು ಚೀಟಿ. ನನ್ನಂಥವಳೇ ಯಾರೋ
ಅವಸರದಲ್ಲಿ ಸ್ವಲ್ಪ ಓರೆಯಾಗಿ ಅಂಟಿಸಿದ್ದಳು.
ಪಟ್ಟಿಯಲ್ಲಿಲ್ಲದ್ದೆಲ್ಲ ಸೇರಿ ಮೂರೂವರೆ ಸಾವಿರ.
ಅಂದರೆ ಹದಿನಾಲ್ಕು ಸಾವಿರ ಬೀಡಿ.
ದಿನಕ್ಕೆ ಏಳುನೂರರಂತೆ
ಇಪ್ಪತ್ತು ದಿನ ಅಮ್ಮನ ಬೆರಳು
ಈ ಗಾಡಿಯೊಳಗೆ, ಬೆಡ್‌ಶೀಟಿನ ಅಡಿಯಲ್ಲಿ.

ಒಂದೊಂದೇ ತೆಗೆದು ಅದರದರ ಜಾಗಕ್ಕೆ ಇಟ್ಟೆ;
ಕಂಡಕಂಡಲ್ಲಿ ಬಿಟ್ಟರೆ ರಾತ್ರಿ ಎತ್ತಿಡುವುದು
ಯಾವಳೋ ಒಬ್ಬ ಹುಡುಗಿ, ಗೊತ್ತು ನನಗೆ.

ಭವಂತಿ ಸ್ಟ್ರೀಟಿನ ಕಿಣಿಯವರ ಅಂಗಡಿಗೆ
ಸೇಲಿನ ಬೋರ್ಡೂ ಇಲ್ಲ, ಬಲೂನೂ ಇಲ್ಲ.
ಕುತ್ತಿಗೆ ಬಗ್ಗುವ ಒಂದು ಮೇಜಿನ ದೀಪ ಕೇಳಿದೆ.
"ಆರುನೂರ ಇಪ್ಪತ್ತೈದು. ಕಡಿಮೆ ಇಲ್ಲ" ಎಂದರು,
ಹಚ್ಚಿ ತೋರಿಸಿದರು, ಆರಿಸಿ, ಮತ್ತೆ ಹಚ್ಚಿದರು,
ಬಿಲ್ಲಿನ ಹಿಂದೆ ಪೆನ್ನಿನಲ್ಲಿ ಬರೆದರು: ಒಂದು ವರ್ಷ.
ಇದೂ ಪಟ್ಟಿಯಲ್ಲಿ ಇರಲಿಲ್ಲ.
ಸಂಜೆಯಾದರೆ ಎಲೆಯನ್ನು ಕಣ್ಣಿನ ಹತ್ತಿರ ಹಿಡಿದು ಕತ್ತರಿಸುವವಳು
ಪಟ್ಟಿ ಬರೆಸುವಾಗ ತನ್ನದೆಂದು ಒಂದನ್ನೂ ಹೇಳಿರಲಿಲ್ಲ.

"ಎಷ್ಟು ಬೀಡಿ?"
"ಎರಡೂವರೆ ಸಾವಿರ."
ಅಮ್ಮ ದೀಪವನ್ನು ತಡ್ಪೆಯತ್ತ ಬಗ್ಗಿಸಿದಳು.
ಎಲೆಯ ನರಗಳೆಲ್ಲ ಎದ್ದು ಕಂಡವು, ಬೆರಳಿನವೂ.
"ಹಾಗಾದರೆ ಅದೇ ಕಟ್ಟಲಿ" ಅಂದಳು, ಕೆಲಸಕ್ಕೆ ಕೂತಳು.

ಇನ್ನೊಂದು ನಾನು ಹೇಳಲಿಲ್ಲ.
ಬಸ್ಸು ಹೊರಡುವ ಮೊದಲು ಸ್ಟೇಟ್ ಬ್ಯಾಂಕಿನ ಫುಟ್‌ಪಾತಿನಲ್ಲಿ
ಒಂದು ಜೊತೆ ಕಿವಿಯೋಲೆ, ಹಸಿರು ಕಲ್ಲಿನದು.
ಇನ್ನೂರು ಬೀಡಿ.
ಚೌಕಾಸಿಯನ್ನೂ ಮಾಡಲಿಲ್ಲ.